ಕಾವಿಯುಟ್ಟ ಕ್ರೈಸ್ತ ಗುರುಗಳು ತುಳಿದ ದಾರಿ

ಮೆಟ್ಟೂರು ಅಣೆಕಟ್ಟಿನ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ, ನಮ್ಮ ಕೊಳತ್ತೂರಿನ ಆಚೆ ಪಣ್ಣವಾಡಿಯ ದಡದಲ್ಲಿ ನಿಂತವರಿಗೆ ಒಂದು ಅಪೂರ್ವ ನೋಟವು ಕಾಣಸಿಗುತ್ತದೆ. ಒಂದು ಕಡೆ ಜಲಕಂಠೇಶ್ವರನ ಗುಡಿಯ ನಂದಿ ತಲೆಯೆತ್ತುತ್ತದೆ. ಇನ್ನೊಂದು ಕಡೆ ಕ್ರೈಸ್ತ ದೇವಾಲಯದ ಜೋಡಿ ಗೋಪುರಗಳು ನೀರಿನಿಂದ ಹೊರಬರುತ್ತವೆ. 1934ರಲ್ಲಿ ಪೂರ್ಣಗೊಂಡ ಅಣೆಕಟ್ಟು ಹಲವು ಊರುಗಳನ್ನು ನುಂಗಿದಾಗ ಇವೆರಡೂ ಒಟ್ಟಿಗೇ ಮುಳುಗಿದವು. ಈ ಗೋಪುರಗಳನ್ನು ಕಂಡಾಗ ನಮ್ಮಲ್ಲಿ ಏಳುವ ಪ್ರಶ್ನೆ ಇದು: ಕಾವೇರಿಯ ಈ ದಂಡೆಗಳಿಗೆ ಕ್ರೈಸ್ತ ಮತವು ಯಾವ ದಾರಿಯಿಂದ ಬಂದಿತು? ಆಂಗ್ಲರ ಆಳ್ವಿಕೆಯೊಡನೆ ಬಂದಿತೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಸೇಲಂ ಸೀಮೆಗೆ ಅದು ಬಂದುದು 1623ರಲ್ಲಿ; ತಂದವರು ಕಾವಿಬಟ್ಟೆಯುಟ್ಟು, ಮರದ ಪಾದುಕೆ ಮೆಟ್ಟಿದ ಒಬ್ಬ ಸಂನ್ಯಾಸಿ.

ಅವರ ಹೆಸರು ರಾಬರ್ಟ್ ಡಿ ನೊಬಿಲಿ. 1577ರಲ್ಲಿ ಇಟಲಿಯ ಕುಲೀನ ಮನೆತನವೊಂದರಲ್ಲಿ ಹುಟ್ಟಿ, ಯೇಸುಸಭೆಯನ್ನು ಸೇರಿ, 1606ರಲ್ಲಿ ಮಧುರೆಗೆ ಬಂದರು. ಅಲ್ಲಿ ಅವರು ಕಂಡುದೇನು? ಪೋರ್ಚುಗೀಸರನ್ನು ಜನರು ಪರಂಗಿಗಳೆಂದು ಕರೆಯುತ್ತಿದ್ದರು. ಗೋಮಾಂಸ ತಿನ್ನುವ, ಮದ್ಯ ಕುಡಿಯುವ, ಆಚಾರವಿಲ್ಲದ ಜನ ಎಂಬುದೇ ಆ ಮಾತಿನ ಅರ್ಥ. ದೀಕ್ಷೆ ಬಯಸಿ ಬಂದವನನ್ನು ಪಾದ್ರಿಗಳು ಕೇಳುತ್ತಿದ್ದ ಪ್ರಶ್ನೆಯೂ ವಿಚಿತ್ರವಾಗಿತ್ತು: ನೀನು ಪರಂಗಿ ಕುಲಕ್ಕೆ ಸೇರಲು ಇಚ್ಛಿಸುವೆಯಾ ಎಂದು! ದೇವರನ್ನು ಅರಸಿ ಬಂದವನು ತನ್ನ ಕುಲವನ್ನೂ ಊಟವನ್ನೂ ಬಿಟ್ಟು ಅನ್ಯದೇಶದವನಾಗಬೇಕಾಗಿದ್ದಿತು. ನಂಬಿಕೆ ಬೇರೆ, ನಡೆನುಡಿ ಬೇರೆ ಎಂದು ಮೊದಲು ಸ್ಪಷ್ಟವಾಗಿ ವಾದಿಸಿದವರು ಡಿ ನೊಬಿಲಿಯವರೇ. ಅವರು ಮಾಂಸವನ್ನು ತೊರೆದರು, ಕಾವಿಯನ್ನುಟ್ಟರು, ಹಳೆಯ ಪಾದ್ರಿಗಳ ಮನೆಯನ್ನು ಬಿಟ್ಟು ಬೇರೆ ನೆಲೆಸಿದರು.

ಉಡುಪು ಬದಲಿಸುವುದು ಸುಲಭ, ಭಾಷೆ ಹಾಗಲ್ಲ. ತಮಿಳು, ತೆಲುಗು, ಸಂಸ್ಕೃತಗಳನ್ನು ಅವರು ಓದುಗನಾಗಿ, ಶಿಷ್ಯನಾಗಿ ಕಲಿತರು. ಸಂಸ್ಕೃತವನ್ನು ಕಲಿಸಿದವರು ಶಿವಧರ್ಮರೆಂಬ ತೆಲುಗು ಬ್ರಾಹ್ಮಣ ಪಂಡಿತರು. ಹೊಸ ದಾರಿ ತೆರೆದವನ ಹೆಸರು ಪುಸ್ತಕಗಳಲ್ಲಿ ದೊಡ್ಡದಾಗಿ ಉಳಿಯುತ್ತದೆ, ಅವನಿಗೆ ಅಕ್ಷರ ತಿದ್ದಿಸಿದವನ ಹೆಸರು ಮಾತ್ರ ಮೂಲೆಗೆ ಸೇರುತ್ತದೆ. ಉಪಾಧ್ಯಾಯರಾದ ನಮಗೆ ಇದೇನೂ ಹೊಸತಲ್ಲವೆನ್ನಿ.

ಶಿವಧರ್ಮರು ತಾವೂ ದೀಕ್ಷೆ ಪಡೆದರು, ಆದರೆ ಜನಿವಾರವನ್ನು ತೆಗೆಯಲಿಲ್ಲ. ಜನಿವಾರ, ಜುಟ್ಟು, ಹಣೆಯ ಗಂಧ ಇವು ಕುಲದ ಗುರುತುಗಳೋ, ಅನ್ಯಮತದ ಚಿಹ್ನೆಗಳೋ ಎಂಬ ವಾದವೆದ್ದಿತು. ಮಧುರೆಯಲ್ಲಿಯೇ ಇದ್ದ ಹಿರಿಯ ಪಾದ್ರಿ ಗೊನ್ಸಾಲೊ ಫರ್ನಾಂಡಿಸರು ದೂರು ಬರೆದರು. 1619ರಲ್ಲಿ ಗೋವೆಯ ಸಭೆಯಲ್ಲಿ ವಿಚಾರಣೆ ನಡೆಯಿತು. ಕೊನೆಗೆ 1623ರ ಜನವರಿ 31ರಂದು ಪೋಪ್ ಹದಿನೈದನೆಯ ಗ್ರೆಗರಿಯವರು ಕೆಲವು ಕಟ್ಟುಪಾಡುಗಳೊಡನೆ ಆ ಗುರುತುಗಳಿಗೆ ಅನುಮತಿಯಿತ್ತರು.

ಅದೇ ವರ್ಷ ಡಿ ನೊಬಿಲಿಯವರು ದಂಡವನ್ನು ಹಿಡಿದು ಉತ್ತರಕ್ಕೆ ಹೊರಟರು. ಸೇಂದಮಂಗಲದಲ್ಲಿ ರಾಮಚಂದ್ರ ನಾಯಕನು ಅವರನ್ನು ಆದರಿಸಿದನು. ಆದರೆ ಸೇಲಂನಲ್ಲಿ ಯಾರೂ ಮನೆ ಕೊಡಲಿಲ್ಲ. ಛತ್ರದಲ್ಲಿ ತಂಗಿ, ಕಾಯಿಲೆ ಬಿದ್ದು ಕಾದರು. 1625ರಲ್ಲಿ ಈ ಸೀಮೆಯ ನಾಯಕ ಮನೆತನದ ತಿರುಮಂಗಲ ನಾಯಕನು ಅವರಿಂದ ದೀಕ್ಷೆ ಪಡೆದನು. ಅಧಿಕಾರದ ಆಸೆಯಾಗಲಿ, ಪೋರ್ಚುಗೀಸರ ಹಡಗುಗಳ ಹಂಗಾಗಲಿ ಇಲ್ಲಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದರೆ ಇದು ಸೊಗಸಾದ ಕಥೆ. ಆದರೆ ಇತಿಹಾಸ ಬರೆಯುವವರು ನೋವಿನ ಭಾಗವನ್ನು ಬಿಡಲಾಗದು. ಬ್ರಾಹ್ಮಣ ಸಂನ್ಯಾಸಿಯಂತೆ ಬಾಳಿದ ಗುರುವಿಗೆ ಪರೈಯರ ಕೇರಿ ದೂರವಾಯಿತು. ಅವರನ್ನು ಹಗಲಿನಲ್ಲಿ ಕಂಡರೆ, ಅವರ ಗುಡಿಸಲನ್ನು ಹೊಕ್ಕರೆ, ಮೇಲು ಕುಲದವರು ಹತ್ತಿರ ಸೇರಿಸುತ್ತಿರಲಿಲ್ಲ. ಕತ್ತಲಾದ ಮೇಲೆ ಗುಟ್ಟಾಗಿ ಹೋಗಿ ಅವರಿಗೆ ಸಂಸ್ಕಾರಗಳನ್ನು ಮಾಡಬೇಕಾಯಿತು. ಎಲ್ಲರನ್ನೂ ಒಂದೇ ತಂದೆಯ ಮಕ್ಕಳೆಂದು ಬೋಧಿಸುವ ಮತದ ಗುರು, ಆ ಮಕ್ಕಳಲ್ಲಿ ಕೆಲವರನ್ನು ಇರುಳಿನಲ್ಲಿ ಮಾತ್ರ ಕಾಣಬಹುದಾಗಿತ್ತು! ಪರಂಗಿಯೆಂಬ ಗೋಡೆಯನ್ನು ಒಡೆದ ದಾರಿಯೇ ಜಾತಿಯ ಗೋಡೆಯ ಪಕ್ಕದಲ್ಲಿ ಸಾಗಿತು. ಕಾಲಧರ್ಮವೆಂದು ಕೆಲವರು ಇದನ್ನು ಸಮರ್ಥಿಸುವರು. ನಮಗೆ ಆ ಸಮರ್ಥನೆ ಸಾಲದೆನಿಸುತ್ತದೆ.

ಡಿ ನೊಬಿಲಿಯವರ ಕಣ್ಣಿಗೂ ಇದು ಬೀಳದಿರಲಿಲ್ಲ. ಪರೈಯರಿಗೆ ಗುರುವಾಗಿದ್ದ ವಳ್ಳುವ ಪಂಡಾರನೊಬ್ಬನು ಅವರಿಂದ ದೀಕ್ಷೆ ಪಡೆದು ತನ್ನವರಿಗೆ ಬೋಧಿಸತೊಡಗಿದ್ದನು. ಶೈವ ಪಂಡಾರಗಳು ಮೇಲು ಕೀಳು ಎರಡು ಬಗೆಯ ಜನರ ನಡುವೆಯೂ ಓಡಾಡಬಲ್ಲವರು. 1640ರಲ್ಲಿ ಬಾಲ್ತಸಾರ್ ಡ ಕೋಸ್ಟರೆಂಬ ಗುರುಗಳು ಪಂಡಾರದ ವೇಷ ತಾಳಿ, 'ಪಂಡಾರಸ್ವಾಮಿ'ಗಳೆಂಬ ಹೊಸ ಪಂಗಡವನ್ನೇ ತೆರೆದರು. ಇವರು ಹಗಲಿನಲ್ಲಿಯೇ ಕೇರಿಗೆ ಹೋಗಬಲ್ಲವರಾದರು. ಮುಂದೆ 1693ರಲ್ಲಿ ಓರಿಯೂರಿನಲ್ಲಿ ಮರಣದಂಡನೆಗೆ ಗುರಿಯಾದ ಜಾನ್ ಡಿ ಬ್ರಿಟ್ಟೊ ಅವರೂ ಪಂಡಾರಸ್ವಾಮಿಯೇ. ಮೊದಲಿಗನ ಹೆಜ್ಜೆಯಲ್ಲಿಯೇ ಹೆಜ್ಜೆಯಿಡದೆ, ಅವನ ತಪ್ಪನ್ನು ಕಂಡು ದಾರಿಯನ್ನು ಅಗಲಮಾಡಿದ ಡ ಕೋಸ್ಟರನ್ನು ನಾವು ಡಿ ನೊಬಿಲಿಯವರಿಗಿಂತ ಕಡಿಮೆಯವರೆಂದು ಎಣಿಸಲಾರೆವು.

ಇನ್ನು ನಮ್ಮ ಕನ್ನಡದ ಮಾತು. 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಲಿಯೋನಾರ್ಡೊ ಚಿನ್ನಮಿ ಎಂಬ ಇಟಲಿಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಇವರೂ ಸಂನ್ಯಾಸಿಯ ಉಡುಪನ್ನೇ ಧರಿಸಿದರು. ಕನ್ನಡವನ್ನು ಕಲಿತು, ಆ ಭಾಷೆಗೆ ವ್ಯಾಕರಣವನ್ನೂ ಶಬ್ದಕೋಶವನ್ನೂ ಧರ್ಮೋಪದೇಶದ ಗ್ರಂಥವನ್ನೂ ರಚಿಸಿದರು. ಕನ್ನಡದ ಮೊದಲ ಅಚ್ಚಾದ ವ್ಯಾಕರಣವೆಂದು ನಾವು ಪಾಠ ಹೇಳುವ ವಿಲಿಯಂ ಕೇರಿಯವರ ಗ್ರಂಥವು ಶ್ರೀರಾಮಪುರದಲ್ಲಿ ಹೊರಬಂದುದು 1817ರಲ್ಲಿ. ಅದಕ್ಕೆ ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಾವೇರಿಯ ದಂಡೆಯಲ್ಲಿ ಒಬ್ಬ ಪರದೇಶಿಯು ನಮ್ಮ ನುಡಿಯ ವಿಭಕ್ತಿಗಳನ್ನು ಕೈಬರಹದಲ್ಲಿ ಜೋಡಿಸುತ್ತಿದ್ದನು.

ಈ ದಾರಿಯು ಮುಂದೆ ನಿರಾತಂಕವಾಗಿ ಸಾಗಲಿಲ್ಲ. 1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ ಟೂರ್ನೊನರು ಈ ಆಚಾರಗಳಲ್ಲಿ ಹಲವನ್ನು ನಿಷೇಧಿಸಿದರು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಆ ನಿಷೇಧವನ್ನು ಸ್ಥಿರಪಡಿಸಿದರು. 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಆದರೂ ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್ ಅವರು ಮತ್ತೆ ಈ ದೇಶದ ಉಡುಪನ್ನೇ ಉಟ್ಟು, ಇಲ್ಲಿಯ ಊಟವನ್ನೇ ಉಂಡರು. ಜನರು ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. 1803-04ರಲ್ಲಿ ಅವರ ಮುಂದಾಳ್ತನದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ದಾಕು ಹಾಕಲಾಯಿತು. ಆ ದೊಡ್ಡಸ್ವಾಮಿಯವರೇ 1823ರಲ್ಲಿ ಸ್ವದೇಶಕ್ಕೆ ಮರಳಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಪುಸ್ತಕ ಪ್ರಕಟಿಸಿದರು. ಮೂವತ್ತೊಂದು ವರ್ಷ ನಡೆದವನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಉಡುಪು ಹೋಯಿತು; ಕಾವಿಯ ಬದಲು ಬಿಳಿಯ ನಿಲುವಂಗಿ ಬಂದಿತು. ಉಳಿದುದು ಮಾತು. ಡಿ ನೊಬಿಲಿಯವರು ದೇವರಿಗೆ ಲ್ಯಾಟಿನ್ ಹೆಸರನ್ನು ಹೊರಿಸದೆ 'ಸರ್ವೇಶ್ವರ'ನೆಂದರು; ಆರಾಧನೆಯನ್ನು ಪೂಜೆಯೆಂದರು; ಬೋಧಕನನ್ನು ಗುರುವೆಂದರು. ಕಥೋಲಿಕರ ಕನ್ನಡ ಬೈಬಲ್ಲನ್ನು ತೆರೆದು ನೋಡಿದರೆ, ಪ್ರಾಟೆಸ್ಟಂಟರ ಹಳೆಯ ಅನುವಾದದಲ್ಲಿ ಯೆಹೋವ ಎಂದಿರುವ ಕಡೆ ಇಂದಿಗೂ ಸರ್ವೇಶ್ವರ ಎಂದೇ ಇದೆ. ಭಾನುವಾರ ಬೆಳಿಗ್ಗೆ ಗಂಟೆ ಕೇಳಿ ಹೊರಟ ಕನ್ನಡದ ಕಥೋಲಿಕ ತಾಯಿಯನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, ಪೂಜೆಗೆ ಎನ್ನುತ್ತಾಳೆ.