ಸಿಗರೇಟು ಬಿಡಿಸಲು ಹೊರಟ ಮೊಬೈಲು

ಧೂಮಪಾನ ಬಿಡಿಸುವ ಕೆಲಸಕ್ಕೆ ಮೊಬೈಲನ್ನು ಹಚ್ಚಿದ ಮೊದಲಿಗರಲ್ಲಿ ನ್ಯೂಜಿಲೆಂಡಿನ ಸಂಶೋಧಕರೂ ಸೇರಿದ್ದಾರೆ. ಆಗ ಐಫೋನ್ ಇನ್ನೂ ಹುಟ್ಟಿರಲಿಲ್ಲ. ಅವರು 1,705 ಮಂದಿ ಸೇದುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಎಸ್ಸೆಮ್ಮೆಸ್ ಕಳಿಸುತ್ತ ಹೋದರು. ಬರೀ ಬುದ್ಧಿವಾದ ಕಳಿಸಿದ್ದರೆ ಯಾರೂ ಓದುತ್ತಿರಲಿಲ್ಲವೇನೋ. ರಸಪ್ರಶ್ನೆ, ಆಟೋಟದ ಸುದ್ದಿ, ಅವರವರ ಅಭಿರುಚಿಗೆ ತಕ್ಕ ಹರಟೆಯೂ ಜೊತೆಗಿದ್ದವು. ಸಿಗರೇಟು ಬಿಟ್ಟ ದಿನದಿಂದ ಒಂದು ತಿಂಗಳು ಸ್ವಂತ ಮೆಸೇಜುಗಳೂ ಉಚಿತ. ಖಾಲಿಯಾದ ಬೆರಳುಗಳಿಗೆ ಬೇರೆ ಕೆಲಸ ಕೊಡುವ ಜಾಣತನ ಅದು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ವಾರದ ಹೊತ್ತಿಗೆ ಮೆಸೇಜು ಪಡೆದವರಲ್ಲಿ ಶೇ. 28 ಮಂದಿ ಬಿಟ್ಟಿದ್ದರು, ಪಡೆಯದವರಲ್ಲಿ ಶೇ. 13. ಆದರೆ ಇದಕ್ಕೆಲ್ಲ ಅವರ ಬಾಯಿಮಾತೇ ಆಧಾರ.

ಆ ಕೊರತೆಯನ್ನು ತುಂಬಿದ್ದು ಬ್ರಿಟನ್ನಿನ ಟೆಕ್ಸ್ಟ್‌ಟುಸ್ಟಾಪ್. ಕ್ಯಾರೊಲಿನ್ ಫ್ರೀ ಅವರ ತಂಡ 5,800 ಮಂದಿಯ ಮೇಲೆ ನಡೆಸಿದ ಈ ಪ್ರಯೋಗ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೊದಲ ಐದು ವಾರ ದಿನಕ್ಕೆ ಐದು ಮೆಸೇಜು, ಆಮೇಲೆ ವಾರಕ್ಕೆ ಮೂರು. ಚಪಲ ತಡೆಯಲಾಗದಿದ್ದರೆ ಒಂದೇ ಒಂದು ಪದ ಟೈಪಿಸಿ ಕಳಿಸಿದರೆ ಸಾಕು, ತಕ್ಷಣ ಉತ್ತರ ಬರುತ್ತಿತ್ತು. ಸೇದಿಬಿಟ್ಟರೆ ಅದಕ್ಕೂ ಒಂದು ಪದ, ಬೈಗುಳವಿಲ್ಲದ ಉತ್ತರ. ನಿಕೋಟಿನ್ನಿನ ಚಪಲ ಒಮ್ಮೆ ಎದ್ದರೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಡಾಕ್ಟರು ಅಷ್ಟು ಹೊತ್ತಿಗೆ ಸಿಗುವುದಿಲ್ಲ, ಫೋನು ಸಿಗುತ್ತದೆ. ಆರು ತಿಂಗಳ ಕೊನೆಗೆ ಜೊಲ್ಲಿನ ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಲೆಕ್ಕ ಹೀಗಿತ್ತು: ಮೆಸೇಜಿನವರಲ್ಲಿ ಶೇ. 10.7, ಉಳಿದವರಲ್ಲಿ ಶೇ. 4.9. ನೂರಕ್ಕೆ ಎಂಬತ್ತೊಂಬತ್ತು ಮಂದಿ ಬಿಡಲಿಲ್ಲ ಎಂದೂ ಇದನ್ನು ಓದಬಹುದು. ಈ ಕ್ಷೇತ್ರದಲ್ಲಿ ಗೆಲುವು ಅಂದರೆ ಇಷ್ಟೇ. ಆದರೂ ಖರ್ಚು ನೋಡಿದರೆ ಇದು ದೊಡ್ಡದೇ.

ಅಷ್ಟರಲ್ಲಿ ಸ್ಮಾರ್ಟ್‌ಫೋನು ಬಂದಿತ್ತು, ಆಪ್‌ಗಳ ಜಾತ್ರೆಯೇ ನೆರೆದಿತ್ತು. ಲೋರಿಯನ್ ಏಬ್ರಮ್ಸ್ ಮತ್ತು ಸಂಗಡಿಗರು ಐಫೋನಿನ 47 ಆಪ್‌ಗಳನ್ನು ಜಾಲಾಡಿ, ಅವುಗಳಲ್ಲಿ ಹೆಚ್ಚಿನವು ವೈದ್ಯಕೀಯ ಮಾರ್ಗಸೂಚಿಯ ಹತ್ತಿರವೂ ಸುಳಿದಿಲ್ಲ ಎಂದು 2011ರಲ್ಲೇ ಬರೆದರು. ಎಷ್ಟು ದಿನವಾಯಿತು, ಎಷ್ಟು ದುಡ್ಡು ಉಳಿಯಿತು ಎಂಬ ಲೆಕ್ಕ ಒಪ್ಪಿಸುವುದೇ ಇಂಥ ಆಪ್‌ಗಳ ಮೆಚ್ಚಿನ ಕೆಲಸ. ಲೆಕ್ಕ ಗೊತ್ತಿಲ್ಲದೆ ಯಾರೂ ಸಿಗರೇಟು ಸೇದುತ್ತಿಲ್ಲ. 2019ರಲ್ಲಿ ಕಾಕ್ರೇನ್ ಸಮೀಕ್ಷೆ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿತು. ಅಲ್ಪಸ್ವಲ್ಪ ನೆರವು ಸಿಕ್ಕವರಿಗಿಂತ ಮೆಸೇಜು ಪಡೆದವರು ಬಿಡುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಆಪ್‌ಗಳದ್ದು ಐದೇ ಪ್ರಯೋಗ, ಲಾಭ ಕಾಣಲಿಲ್ಲ. ಹಳೆಯ ಎಸ್ಸೆಮ್ಮೆಸ್ಸೇ ಗೆದ್ದಿತ್ತು.

ಮರುವರ್ಷ ಚಿತ್ರ ಸ್ವಲ್ಪ ಬದಲಾಯಿತು. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದ ಜೊನಾಥನ್ ಬ್ರಿಕರ್ ತಂಡ ಐಕ್ಯಾನ್‌ಕ್ವಿಟ್ ಎಂಬ ಆಪನ್ನು ಅಮೆರಿಕ ಸರ್ಕಾರದ ಕ್ವಿಟ್‌ಗೈಡ್ ಆಪಿನ ಎದುರು ಪರೀಕ್ಷೆಗಿಟ್ಟಿತು. ಕ್ವಿಟ್‌ಗೈಡ್ ಹೇಳುವುದು ಚಪಲ ಹುಟ್ಟಿಸುವ ಸಂದರ್ಭಗಳಿಂದ ದೂರವಿರಿ ಎಂದು. ಐಕ್ಯಾನ್‌ಕ್ವಿಟ್ ದಾರಿ ಬೇರೆ: ಚಪಲ ಬಂದರೆ ಬರಲಿ, ಅದರೊಡನೆ ಗುದ್ದಾಡಬೇಡಿ, ಸುಮ್ಮನೆ ಗಮನಿಸಿ, ತಾನಾಗಿ ಹೋಗುತ್ತದೆ. 2,415 ಮಂದಿಯಲ್ಲಿ ನಡೆದ ಈ ಪರೀಕ್ಷೆಯಲ್ಲಿ ವರ್ಷದ ಬಳಿಕ ಶೇ. 28.2 ಮಂದಿ ಬಿಟ್ಟಿದ್ದೇವೆಂದರು, ಕ್ವಿಟ್‌ಗೈಡ್‌ನಲ್ಲಿ ಶೇ. 21.1. ಅದೇ 2020ರಲ್ಲಿ ಜಪಾನ್ ಇನ್ನೂ ಮುಂದೆ ಹೋಗಿ, ಕ್ಯೂರ್‌ಆಪ್ ಎಂಬ ಕಂಪನಿಯ ಆಪನ್ನು ವೈದ್ಯಕೀಯ ಸಾಧನವೆಂದು ಒಪ್ಪಿ, ವಿಮೆಯಡಿ ಡಾಕ್ಟರು ಬರೆದುಕೊಡುವಂತೆ ಮಾಡಿತು. ಜೊತೆಗೊಂದು ಪುಟ್ಟ ಯಂತ್ರ; ಅದಕ್ಕೆ ಊದಿದರೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆದು ಸೇದಿದ್ದನ್ನು ಹೇಳಿಬಿಡುತ್ತದೆ. ಬ್ರಿಟನ್ನಿನ ಕ್ಯೂ ಸೆನ್ಸ್ ಆಪ್, ಬಳಸುವವರು ಸಾಮಾನ್ಯವಾಗಿ ಎಲ್ಲಿ ಸೇದುತ್ತಾರೆಂದು ಜಿಪಿಎಸ್‌ನಿಂದ ಕಲಿತು, ಬಿಟ್ಟ ಮೇಲೆ ಅದೇ ಜಾಗದಲ್ಲಿ ನಿಂತರೆ ಎಚ್ಚರಿಸುವಂಥದ್ದು. ಉಪಾಯ ಚೆನ್ನಾಗಿದೆ. ಆದರೆ ನಾವು ಯಾವ ಗೂಡಂಗಡಿ ಮುಂದೆ ಎಷ್ಟು ಹೊತ್ತು ನಿಂತೆವೆಂಬ ಮಾಹಿತಿ ಯಾರ ಕೈ ಸೇರುತ್ತದೆ ಎಂದು ಕೇಳಿಯೇ ಅನುಮತಿ ಕೊಡಬೇಕು.

ನಮ್ಮ ದೇಶ ಇದಕ್ಕೆ ಕೈಹಾಕಿದ್ದು ಮಿಸ್ಡ್ ಕಾಲಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಕೇಂದ್ರ ಸರ್ಕಾರ 2016ರಲ್ಲಿ ಎಂ-ಸೆಸೇಷನ್ ಶುರುಮಾಡಿತು. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜುಗಳು ಬರತೊಡಗುತ್ತಿದ್ದವು. ಬಟನ್ ಫೋನಿನವರನ್ನೂ ಬಿಡದ ಈ ಯೋಜನೆ ಲಕ್ಷಾಂತರ ಜನರನ್ನು ಮುಟ್ಟಿತು. ನನಗೆ ಇದೇ ಸರಿಯಾದ ದಾರಿಯೆನಿಸುತ್ತದೆ, ಏಕೆಂದರೆ ನಮ್ಮ ಕಾಯಿಲೆಯೇ ಬೇರೆ. ತಂಬಾಕು ಬಳಕೆ ಕುರಿತ 2016-17ರ ಗ್ಯಾಟ್ಸ್ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ಸಿಗರೇಟನ್ನಷ್ಟೇ ಎಣಿಸುವ ವಿದೇಶಿ ಆಪಿಗೆ ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಗುಟ್ಕಾ ಯಾವುದೂ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ 2022ರಲ್ಲಿ ಎಲ್ಲ ಬಗೆಯ ತಂಬಾಕಿಗೂ ಆಗುವಂಥ ಆಪ್ ತಂದದ್ದು ಈ ಕೊರತೆ ನೋಡಿಯೇ.

2018ರ ಸೆಪ್ಟೆಂಬರಿನಿಂದ ತಂಬಾಕಿನ ಪ್ಯಾಕುಗಳ ಮೇಲೆ, ಬಿಡಲು ನೆರವಾಗುವ ಸಹಾಯವಾಣಿಯಾದ ಕ್ವಿಟ್‌ಲೈನ್‌ನ ನಂಬರು ಅಚ್ಚಾಗುತ್ತಿದೆ. ಆದರೆ ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪ್ಯಾಕು ಬರುವುದೇ ಇಲ್ಲ. ಒಂದೇ ಒಂದು ಕೊಂಡು, ಅಂಗಡಿಗೆ ಕಟ್ಟಿದ ಲೈಟರಿನಲ್ಲಿ ಹಚ್ಚಿ, ಟೀ ಲೋಟ ಹಿಡಿದು ಪಕ್ಕಕ್ಕೆ ನಿಲ್ಲುತ್ತಾನೆ. ನಂಬರು ಅಂಗಡಿಯವನ ಬಳಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ ನಿಷೇಧವಿದ್ದರೂ ಬಿಡಿ ಮಾರಾಟ ನಿಂತಿಲ್ಲ.

ಆದ್ದರಿಂದ ಇಲ್ಲೇ ಬರೆಯುತ್ತೇನೆ: 1800-11-2356. ದುಡ್ಡು ಬೀಳುವುದಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಪ್ ಹಾಕಿಕೊಳ್ಳುವ ಮನಸ್ಸಿದ್ದರೆ ಹಾಕಿಕೊಳ್ಳಿ. ಮೊದಲು ಈ ನಂಬರನ್ನು ಸೇವ್ ಮಾಡಿಕೊಳ್ಳಿ.