ಬೇಸಿಗೆಯ ಸಮಾರಂಭಗಳು: ಆಮಂತ್ರಿಸಿದವರೇ ಹೊಣೆಗಾರರು

ಯುಗಾದಿ ಕಳೆದು ಮುಂಗಾರು ಆರಂಭವಾಗುವವರೆಗಿನ ಅವಧಿ ಜಾತ್ರೆ, ಸಾಮೂಹಿಕ ವಿವಾಹ, ಮಕ್ಕಳ ಶಿಬಿರ, ಬಯಲು ನಾಟಕಗಳ ಕಾಲ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸತ್ತೂರಿನಂತಹ, ಹಳ್ಳಿಯ ಓಣಿಯೂ ನಗರದ ಬಡಾವಣೆಯೂ ಬೆರೆತ ಪ್ರದೇಶಗಳಲ್ಲಿ ಇವುಗಳನ್ನು ಸಾಮಾನ್ಯವಾಗಿ ನಡೆಸುವುದು ದೇವಸ್ಥಾನದ ಪಂಚ ಕಮಿಟಿ, ಯುವಕ ಮಂಡಳ ಅಥವಾ ನಿವಾಸಿಗಳ ಸಂಘ. ಪೆಂಡಾಲ್, ಅಡುಗೆ, ಧ್ವನಿವರ್ಧಕಗಳನ್ನು ಗುತ್ತಿಗೆ ಕೊಟ್ಟೊಡನೆ ಹೊಣೆಯೂ ಗುತ್ತಿಗೆದಾರನ ಹೆಗಲೇರಿತೆಂಬ ನಂಬಿಕೆ ಇಂತಹ ಸಮಿತಿಗಳಲ್ಲಿ ಬೇರೂರಿದೆ. ನ್ಯಾಯಾಲಯ ಇದನ್ನು ಒಪ್ಪಿಲ್ಲ.

2006ರ ಏಪ್ರಿಲ್ 10ರಂದು ಉತ್ತರ ಪ್ರದೇಶದ ಮೀರತ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಗ್ರಾಹಕ ವಸ್ತುಗಳ ಪ್ರದರ್ಶನಕ್ಕೆ ಹಾಕಿದ್ದ ತಾತ್ಕಾಲಿಕ ಪೆಂಡಾಲ್‌ಗಳು ಹೊತ್ತಿ ಉರಿದು 65 ಜನ ಸಾವನ್ನಪ್ಪಿದರು. ಎಲ್ಲವನ್ನೂ ಗುತ್ತಿಗೆದಾರನಿಗೆ ವಹಿಸಿದ್ದೆವು, ಲೋಪ ಆತನದೆಂದು ಸಂಘಟಕರು ವಾದಿಸಿದರು. ಹದಿನಾರು ವರ್ಷಗಳ ಬಳಿಕ, 2022ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಜನ ಬಂದದ್ದು ಸಂಘಟಕರ ಆಹ್ವಾನದ ಮೇರೆಗೆ, ಗುತ್ತಿಗೆದಾರನ ಕರೆಯಿಂದಲ್ಲ ಎಂಬುದು ತೀರ್ಪಿನ ತಿರುಳು. ಪರಿಹಾರದಲ್ಲಿ ಸಂಘಟಕರ ಪಾಲು ಶೇ. 60, ರಾಜ್ಯ ಸರಕಾರದ ಪಾಲು ಶೇ. 40. ಪರಿಹಾರವನ್ನು ಮೋಟಾರು ವಾಹನ ಅಪಘಾತ ಪ್ರಕರಣಗಳ ತತ್ತ್ವದಂತೆ ಲೆಕ್ಕಹಾಕಲು ಸೂಚಿಸಲಾಯಿತು. ಎಂದರೆ ಮೃತರ ವಯಸ್ಸು ಮತ್ತು ಆದಾಯ ಗಣನೆಗೆ ಬರುತ್ತವೆ. ಓಣಿಯ ಚಂದಾ ಹಣ ಇದಕ್ಕೆ ಸಾಲುವುದಿಲ್ಲ.

ನೋಂದಣಿಯಾಗದ ಸಮಿತಿಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅಂತಹ ಸಮಿತಿಗೆ ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ಅಸ್ತಿತ್ವವಿಲ್ಲದ ಕಾರಣ ದಾವೆ ಸದಸ್ಯರ ಬಾಗಿಲಿಗೇ ಬರಬಹುದು. ಅನುಮತಿ ಪತ್ರಕ್ಕೆ ಸಹಿ ಹಾಕಿದ ಹಿರಿಯರು ಇದನ್ನು ತಿಳಿದಿರುವುದು ಒಳಿತು. ಕ್ರಿಮಿನಲ್ ಹೊಣೆಯಂತೂ ಪ್ರತ್ಯೇಕ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಳೆಯ ದಂಡ ಸಂಹಿತೆಯ 304ಎ ಕಲಮಿನಡಿ ಗರಿಷ್ಠ 2 ವರ್ಷ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಅದು 5 ವರ್ಷ.

ಪೆಂಡಾಲ್‌ಗೆ ಸಂಬಂಧಿಸಿ ಭಾರತೀಯ ಮಾನಕ ಸಂಸ್ಥೆಯ ಐಎಸ್ 8758 ಸಂಹಿತೆ ಇದೆ. ಛಾವಣಿ ಕನಿಷ್ಠ 3 ಮೀಟರ್ ಎತ್ತರವಿರಬೇಕು, ಸಿಂಥೆಟಿಕ್ ಬಟ್ಟೆ ಮತ್ತು ಹಗ್ಗ ಬಳಸಬಾರದು, ವಿದ್ಯುತ್ ಹರಿಯುವ ತಂತಿಯ ಕೆಳಗೆ ಪೆಂಡಾಲ್ ಹಾಕಲೇಬಾರದು. ಕಂಬಕ್ಕೆ ಕೊಂಡಿ ಸಿಕ್ಕಿಸುವ ರೂಢಿಯನ್ನು ಬಿಟ್ಟು ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಅಡುಗೆ ಒಲೆ, ಸಿಲಿಂಡರ್‌ಗಳು ಜನ ಕೂಡುವ ಪೆಂಡಾಲ್‌ನಿಂದ ದೂರವಿರಲಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿ-ಮಳೆಯ ರಭಸ ನಮ್ಮ ಭಾಗದವರಿಗೆ ಹೊಸತಲ್ಲ. ಗಾಳಿ ಎದ್ದಾಗ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರಿಗೆಂಬುದನ್ನು ಮೊದಲೇ ನಿರ್ಧರಿಸಬೇಕು. ಮುಖ್ಯ ಅತಿಥಿಯ ಭಾಷಣ ಮುಗಿಯಲೆಂದು ಕಾಯುವುದು ನಮ್ಮ ಸಾಮಾನ್ಯ ದೌರ್ಬಲ್ಯ. ಬೆಂಗಳೂರು ಬಳಿಯ ಹುಸ್ಕೂರಿನ ಮದ್ದೂರಮ್ಮ ಜಾತ್ರೆಯಲ್ಲಿ 2024ರ ಏಪ್ರಿಲ್‌ನಲ್ಲಿ ಎತ್ತರದ ತೇರು ಉರುಳಿತ್ತು. ಮರುವರ್ಷ ಮಾರ್ಚ್‌ನಲ್ಲಿ ಗಾಳಿ-ಮಳೆಯ ನಡುವೆ ಮತ್ತೆ ಉರುಳಿ ಜೀವಹಾನಿಯಾಯಿತು.

ಬಿಸಿಲನ್ನು ಮಾತ್ರ ಯಾರೂ ಅಪಾಯವೆಂದು ಪರಿಗಣಿಸುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆ ಬಂದು ಬಯಲಿನಲ್ಲಿ ಕುಳಿತವರ ಪೈಕಿ 14 ಜನ ಬಿಸಿಲಾಘಾತಕ್ಕೆ ಬಲಿಯಾದರು. ವೇದಿಕೆಗೆ ನೆರಳಿತ್ತು, ಸಭಿಕರಿಗಿರಲಿಲ್ಲ. ಬೆಳಿಗ್ಗೆ 11ರೊಳಗೆ ಅಥವಾ ಸಂಜೆ 4ರ ನಂತರ ಕಾರ್ಯಕ್ರಮ ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನರನ್ನು ಕರೆತರುವ ಪದ್ಧತಿಯೂ ಗಮನಾರ್ಹ. ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರ್ಯಾಕ್ಟರ್ ಕಳುಹಿಸಿ ಉಪಕಾರ ಮಾಡಿದ ರೈತನೇ ಆಗ ಸಾಲದಲ್ಲಿ ಬೀಳುತ್ತಾನೆ.

ಸಾರ್ವಜನಿಕ ಹೊಣೆ ವಿಮೆಯ ವಿಷಯದಲ್ಲಿ ಒಂದು ಗೊಂದಲವಿದೆ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ಉದ್ದಿಮೆಗಳಿಗೆ ಅನ್ವಯಿಸುತ್ತದೆಯೇ ಹೊರತು ಜಾತ್ರೆಗಳಿಗಲ್ಲ. ಸಮಾರಂಭಗಳಿಗೆ ಸಾಮಾನ್ಯ ವಿಮಾ ಕಂಪನಿಗಳು ಬೇರೆಯೇ ಪಾಲಿಸಿ ನೀಡುತ್ತವೆ. ಅನುಮತಿಯಿಲ್ಲದ ಪೆಂಡಾಲ್, ಆಹಾರದ ದೋಷ, ಸ್ವಯಂಸೇವಕರ ಗಾಯ ಇವು ವಿಮೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬುದನ್ನು ಹಣ ಕಟ್ಟುವ ಮುನ್ನ ಬರಹದಲ್ಲಿ ಕೇಳಿ ಪಡೆಯಬೇಕು. ಪೊಲೀಸ್, ಮಹಾನಗರ ಪಾಲಿಕೆ, ಅಗ್ನಿಶಾಮಕ ದಳಗಳಿಗೆ ಸಲ್ಲಿಸಿದ ಅರ್ಜಿ, ಗುತ್ತಿಗೆದಾರನೊಂದಿಗಿನ ಕರಾರು, ಅಡುಗೆಯವರ ಆಹಾರ ಸುರಕ್ಷತಾ ನೋಂದಣಿ ಇವುಗಳ ಪ್ರತಿಗಳನ್ನು ಕಾರ್ಯಕ್ರಮ ಮುಗಿದ ಮೇಲೂ ಜೋಪಾನವಾಗಿಡಬೇಕು.

ಸತ್ತೂರಿನಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ಇಲ್ಲಿಯವರ ಅನುಕೂಲ. ಆದರೆ ಪೆಂಡಾಲ್ ಓಣಿಯನ್ನೇ ಮುಚ್ಚಿದರೆ 108 ವಾಹನ ಒಳಗೆ ಬರುವುದು ಎಲ್ಲಿಂದ? ಗೂಟ ಹೊಡೆಯುವ ಮುನ್ನ ಆ ದಾರಿಯನ್ನು ಅಳೆದು ಬಿಡಬೇಕು.