ಒಟಿಪಿ ಯಾರ ಫೋನಿಗೆ ಹೋಗುತ್ತೆ? ಕ್ವಿಯರ್ ಬದುಕು ಮತ್ತು ದಿನಬಳಕೆಯ ತಂತ್ರಜ್ಞಾನ

ಕ್ವಿಯರ್ ಸಮುದಾಯದ ಆನ್‌ಲೈನ್ ಗುಂಪು ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಡೇಟಿಂಗ್, ಇಲ್ಲಾಂದ್ರೆ ಪ್ರೈಡ್ ಮೆರವಣಿಗೆ. ಆದರೆ ಅಲ್ಲಿ ಜನ ಕೇಳುವ ಪ್ರಶ್ನೆಗಳು ಬೇರೆಯೇ ಇರುತ್ತವೆ. ಆಧಾರ್‌ಗೆ ಜೋಡಿಸಿದ ನಂಬರ್ ಅಪ್ಪನ ಹತ್ತಿರ ಇದೆ, ಈಗ ಏನು ಮಾಡಲಿ? ಹೊಸ ಹೆಸರಲ್ಲಿ ಅಂಗಡಿ ಇಟ್ಟಿದ್ದೀನಿ, ದುಡ್ಡು ಹಾಕುವವರಿಗೆ ಹಳೇ ಹೆಸರು ಕಾಣುತ್ತೆ, ತಪ್ಪಿಸೋದು ಹೇಗೆ? ಗ್ರೂಪಿಗೆ ಸೇರಿದರೆ ನನ್ನ ನಂಬರ್ ಎಲ್ಲರಿಗೂ ಗೊತ್ತಾಗುತ್ತಾ?

ಎಂಜಿನಿಯರಿಂಗ್ ಓದಿದ್ದರಿಂದಲೋ ಏನೋ, ನನಗೆ ಈ ಪ್ರಶ್ನೆಗಳಲ್ಲಿ ಮೊದಲು ಕಾಣುವುದು ವಿನ್ಯಾಸದೊಳಗಿನ ರಾಜಕೀಯ. ನಮ್ಮ ಡಿಜಿಟಲ್ ವ್ಯವಸ್ಥೆಗಳು ಒಂದು ಊಹೆಯ ಮೇಲೆ ನಿಂತಿವೆ: ಒಬ್ಬ ವ್ಯಕ್ತಿಗೆ ಕೊನೆತನಕ ಒಂದೇ ಹೆಸರು, ಒಂದೇ ಲಿಂಗ, ಒಂದೇ ನಂಬರ್, ಬೆನ್ನಿಗೆ ನಂಬಬಹುದಾದ ಒಂದು ಮನೆ. ಈ ಊಹೆ ಹರಿದ ಕಡೆಯೆಲ್ಲ ತೇಪೆ ಹಾಕುತ್ತಿರುವವರು ಸಮುದಾಯದ ಜನರೇ, ಅದೂ ಸಂಬಳವಿಲ್ಲದೆ.

ಈ ಭಯ ಎಲ್ಲಿಂದ ಬಂತು?

2006ರ ಜನವರಿಯಲ್ಲಿ ಲಖನೌ ಪೊಲೀಸರು ಇಂಟರ್‌ನೆಟ್‌ನಲ್ಲಿ ತಾವೇ ಸಲಿಂಗಿಗಳೆಂದು ನಟಿಸಿ ಒಬ್ಬರನ್ನು ಬಲೆಗೆ ಬೀಳಿಸಿದರು. ಅವರ ಮೂಲಕ ಉಳಿದವರನ್ನು ಕರೆಸಿ, ಒಟ್ಟು ನಾಲ್ವರನ್ನು ಐಪಿಸಿ 377ರ ಅಡಿ ಬಂಧಿಸಿದರು. ಆನ್‌ಲೈನ್ ಗುರುತು ಜೈಲಿಗೆ ದಾರಿಯಾಗಬಹುದು ಅನ್ನುವುದು ಆಗಲೇ ಗೊತ್ತಾಗಿತ್ತು. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಒಲವು ಖಾಸಗಿತನದ ಭಾಗ ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಪೊಲೀಸರ ಭಯ ಸ್ವಲ್ಪ ತಗ್ಗಿರಬಹುದು. ಮನೆಯವರ, ಬಾಡಿಗೆ ಮನೆ ಓನರ್‌ನ, ಕೆಲಸ ಕೊಟ್ಟವರ ಭಯ ಹಾಗೇ ಇದೆ.

ನಂಬರ್

ವಾಟ್ಸಾಪ್ ಗ್ರೂಪಿಗೆ ಸೇರಿದರೆ ಸಾಮಾನ್ಯವಾಗಿ ಉಳಿದ ಸದಸ್ಯರಿಗೆ ನಿಮ್ಮ ನಂಬರ್ ಕಾಣುತ್ತೆ. ನಂಬರ್ ಸಿಕ್ಕರೆ ಟ್ರೂಕಾಲರ್‌ನಲ್ಲಿ ಹೆಸರು ಸಿಗುತ್ತೆ, ಅದೂ ಬೇರೆಯವರು ನಿಮ್ಮನ್ನು ಯಾವ ಹೆಸರಲ್ಲಿ ಸೇವ್ ಮಾಡಿದ್ದಾರೋ ಆ ಹೆಸರು. ಕಾಂಟ್ಯಾಕ್ಟ್ಸ್ ಓದಲು ಬಿಟ್ಟರೆ ಸೋಷಿಯಲ್ ಮೀಡಿಯಾ ಆ್ಯಪ್‌ಗಳು ನಿಮ್ಮ ಗುಟ್ಟಿನ ಪ್ರೊಫೈಲನ್ನು ಸೋದರಮಾವನಿಗೇ ತೋರಿಸಬಹುದು.

ಹಾಗಾಗಿ ಗುಂಪುಗಳಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠಗಳು ಇವು: ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ. ನಿಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಅನ್ನುವುದನ್ನು ವಾಟ್ಸಾಪ್ ಪ್ರೈವಸಿಯಲ್ಲಿ ಸೀಮಿತಗೊಳಿಸಿ. ಟ್ರೂಕಾಲರ್‌ನಿಂದ ನಂಬರ್ ತೆಗೆಸಿ. ಸಿಗ್ನಲ್‌ನಲ್ಲಿ 2024ರಿಂದ ನಂಬರ್ ತೋರಿಸದೆ ಯೂಸರ್‌ನೇಮ್ ಮೂಲಕ ಮಾತಾಡಬಹುದು. ಆದರೆ ಯಾವ ಆ್ಯಪ್ ಬಳಸಿದರೂ ಸ್ಕ್ರೀನ್‌ಶಾಟ್ ತೆಗೆಯುವ ಕೈಯನ್ನು ತಡೆಯಲಾಗದು. ಅದಕ್ಕೇ ಎಷ್ಟೋ ಗುಂಪುಗಳು ಪರಿಚಯದವರು ಶಿಫಾರಸು ಮಾಡದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ.

ಹೆಸರು

ಯುಪಿಐ ವಂಚನೆ ತಡೆಯಲು ಎನ್‌ಪಿಸಿಐ 2025ರಲ್ಲಿ ಒಂದು ನಿಯಮ ತಂದಿತು. ಹಣ ಕಳಿಸುವ ಮೊದಲು, ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು; ಆ್ಯಪ್‌ನಲ್ಲಿ ಬಳಕೆದಾರರು ಬದಲಿಸಿಕೊಂಡ ಹೆಸರು ನಡೆಯದು. ಉದ್ದೇಶ ಸರಿಯಾಗಿಯೇ ಇದೆ. ಆದರೆ ಹೆಸರು ಬದಲಿಸಿಕೊಂಡ ಟ್ರಾನ್ಸ್ ಮಹಿಳೆಯೊಬ್ಬರು ಟೀ ಅಂಗಡಿ ನಡೆಸುತ್ತಿದ್ದರೆ, ಹತ್ತು ರೂಪಾಯಿ ಕಳಿಸುವ ಪ್ರತಿ ಗ್ರಾಹಕನಿಗೂ ಅವರು ಬಿಟ್ಟುಬಂದ ಹೆಸರು ಕಾಣುತ್ತೆ. ಬ್ಯಾಂಕಿನಲ್ಲಿ ಹೆಸರು ಬದಲಿಸಬೇಕಾದರೆ ಗುರುತಿನ ಚೀಟಿ ಬದಲಾಗಿರಬೇಕು. ಚೀಟಿ ಬದಲಾಗಬೇಕಾದರೆ ಕಚೇರಿ ಅಲೆಯಬೇಕು. ಆ ಅಲೆದಾಟ ಮುಗಿಯುವವರೆಗೆ ಆಕೆಯ ಖಾಸಗಿತನ ಕ್ಯೂಆರ್ ಕೋಡ್ ಜೊತೆ ಗೋಡೆ ಮೇಲೆ ನೇತಾಡುತ್ತಿರುತ್ತದೆ.

ಒಟಿಪಿ

ಮನೆ ಬಿಟ್ಟು ಬಂದವರಿಗೆ ಎದುರಾಗುವ ಮೊದಲ ಗೋಡೆ ಇದು. ಸಿಮ್ ಅಣ್ಣನ ಹೆಸರಲ್ಲಿ, ಆಧಾರ್ ನಂಬರ್ ಅಪ್ಪನದು, ಬ್ಯಾಂಕಿಗೆ ಕೊಟ್ಟ ಫೋನ್ ಅಮ್ಮನದು. ಇಲ್ಲಿ ಒಂದು ಸಂಗತಿ ಎಲ್ಲರೂ ತಿಳಿದಿರಬೇಕು: ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಮೊಬೈಲ್ ನಂಬರ್ ಬದಲಿಸಬಹುದು. ಹಳೇ ನಂಬರಿನ ಒಟಿಪಿಯೂ ಬೇಡ, ದಾಖಲೆಯೂ ಬೇಡ. ಬ್ಯಾಂಕಿನ ನಂಬರನ್ನು ಬೇರೆಯಾಗಿಯೇ ಬದಲಿಸಬೇಕು. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಖಾತೆ ತೆರೆದಿರುವ ಸಾಧನಗಳು, ಲೊಕೇಶನ್ ಶೇರಿಂಗ್, ಈ ಮೂರನ್ನೂ ನೋಡಿಕೊಳ್ಳಬೇಕು.

ಕಾಗದದ ಬಲ

ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳದ್ದೇ ಒಂದು ಕಥೆ. 2014ರ ನಾಲ್ಸಾ ತೀರ್ಪು ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಆ ಹಕ್ಕಿಗೂ ದಾಖಲೆಗೂ ನಡುವೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ತಂದಿಟ್ಟಿತು. 2020ರಲ್ಲಿ ಅದಕ್ಕೊಂದು ಆನ್‌ಲೈನ್ ಪೋರ್ಟಲ್ ಬಂತು. ಅರ್ಜಿ ತುಂಬಲು ಬಾರದವರಿಗೆ ಕೂತು ತುಂಬಿಕೊಡುವುದು ಮತ್ತೆ ಸಮುದಾಯವೇ.

ನಮ್ಮ ರಾಜ್ಯದಲ್ಲಿ ಈ ಕಾಗದಗಳಿಗೆ ನೇರ ಬೆಲೆ ಇದೆ. ಸಂಗಮ ಸಂಸ್ಥೆಯ ಕಾನೂನು ಹೋರಾಟದ ನಂತರ 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ. 1 ಮೀಸಲಾತಿ ಕೊಟ್ಟಿತು. 2023ರ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಇದೆ. ಎರಡಕ್ಕೂ ಗುರುತಿನ ದಾಖಲೆ ಬೇಕು.

ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಕ್ವಿಯರ್ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಪರಸ್ಪರ ನಾಮಿನಿ ಆಗಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಬ್ರಾಂಚಿನಲ್ಲಿ 'ರೂಲ್ಸ್ ಇಲ್ಲ' ಅಂದರೆ ತೋರಿಸಲು ಆ ಸ್ಪಷ್ಟನೆಯ ಪ್ರಿಂಟ್ ಇಟ್ಟುಕೊಳ್ಳಿ. 'ಸರಿಪಡಿಸುತ್ತೇವೆ' ಎನ್ನುವ ವೈದ್ಯರಿಗೂ ಉತ್ತರವಿದೆ: ಲೈಂಗಿಕತೆ ಬದಲಿಸುವ 'ಚಿಕಿತ್ಸೆ' ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಾನಸಿಕ ನೆರವಿಗೆ ಟೆಲಿ ಮಾನಸ್ 14416, ಕಾನೂನು ನೆರವಿಗೆ 15100.

ಹಾಗಾದರೆ ಹಕ್ಕೊತ್ತಾಯ ಏನು?

ಪರಸ್ಪರ ಸಹಾಯವನ್ನು ಹೊಗಳುವುದು ಸುಲಭ. ಆದರೆ ಪ್ರತಿ ಸಲ ಹೊಗಳುವಾಗ, ಈ ಕೆಲಸ ಯಾರು ಮಾಡಬೇಕಿತ್ತು ಅಂತಲೂ ಕೇಳಬೇಕು. ಆ್ಯಪ್ ಬಳಸುವಷ್ಟು ಇಂಗ್ಲಿಷ್, ಸ್ವಂತ ಸ್ಮಾರ್ಟ್‌ಫೋನ್, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರುವವರಿಗೆ ಈ ಗುಂಪುಗಳು ಸಿಗುತ್ತವೆ. ಕೊಪ್ಪಳದ ಹಳ್ಳಿಯಲ್ಲಿ ಮನೆಮಂದಿಗೆಲ್ಲ ಒಂದೇ ಫೋನ್ ಇರುವ ಹುಡುಗಿಗೆ ಸಿಗುವುದಿಲ್ಲ.

2011ರ ಐಟಿ ನಿಯಮಗಳು ಲೈಂಗಿಕ ಒಲವನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿಯ ಪಟ್ಟಿಯಲ್ಲಿ ಇಟ್ಟಿದ್ದವು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ನಿಮ್ಮ ಊಟದ ಆರ್ಡರ್ ಮತ್ತು ನಿಮ್ಮ ಪ್ರೀತಿ ಕಾನೂನಿನ ಕಣ್ಣಲ್ಲಿ ಒಂದೇ ದರ್ಜೆಯ ಡೇಟಾ.

ಮೂರು ಬೇಡಿಕೆಗಳಿಂದ ಶುರು ಮಾಡಬಹುದು. ಸೂಕ್ಷ್ಮ ಮಾಹಿತಿಯ ವರ್ಗ ಕಾಯ್ದೆಗೆ ವಾಪಸ್ ಬರಲಿ. ಒಂದು ಕಡೆ ಹೆಸರು ಬದಲಾದರೆ ಬ್ಯಾಂಕ್, ಅಂಕಪಟ್ಟಿ, ರೇಷನ್ ಕಾರ್ಡಿನಲ್ಲೂ ಬದಲಾಗುವ ಸರಳ ದಾರಿ ಬರಲಿ. ಸಹಾಯದ ಮಾಹಿತಿ ಸುಲಭ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿಗೆ, ಗ್ರಾಮ ಒನ್ ಕೇಂದ್ರಕ್ಕೆ ತಲುಪಲಿ. ನೀವು ಕೋಡ್ ಬರೆಯುವವರಾದರೆ, ನಾಳೆ ಫಾರ್ಮ್‌ನಲ್ಲಿ ಹೆಸರಿನ ಕಾಲಂ ಮಾಡುವಾಗ ಒಮ್ಮೆ ಯೋಚಿಸಿ: ಇದನ್ನು ಬದಲಿಸಲು ಎಷ್ಟು ಕ್ಲಿಕ್ ಬೇಕು, ಬದಲಿಸಿದ ಮೇಲೆ ಹಳೆಯದು ಎಲ್ಲೆಲ್ಲಿ ಉಳಿದಿರುತ್ತೆ?